ಮೊದಲ ಪುಟಕ್ಕೆ ಶ್ರೀ

ಮಡೆಪ್ಪ ಕಾಕಾ ಕೈಮುಗಿದು, ಬೆರಳನ್ನು ಧೋತರಕ್ಕೆ ಒರೆಸಿಕೊಂಡು, ಮೌಸ್ ಒತ್ತಿದರು. ಸಂತಪುರದ ಕಂಬಳಿ ಸಂಘದ ವೆಬ್‌ಸೈಟ್ ಉದ್ಘಾಟನೆಯಾಯಿತು. ಜನ ಚಪ್ಪಾಳೆ ತಟ್ಟಿದವರು ಅರ್ಧಕ್ಕೇ ನಿಲ್ಲಿಸಿದರು. ಗೋಡೆಯ ಪರದೆಯ ಮೇಲೆ ಕಂಬಳಿಯೂ ಇಲ್ಲ, ಕುರಿಯೂ ಇಲ್ಲ. ಬರೀ ಫೈಲುಗಳ ಹೆಸರಿನ ಉದ್ದನೆಯ ಪಟ್ಟಿ!

ಸೈಟು ಮಾಡಿದವಳು ಸರಿತಾ. ಸಂಘದ ಕಂಪ್ಯೂಟರ್ ಕೆಲಸ ಅವಳ ಕೈಗೆ ಬಂದು ಮೂರು ತಿಂಗಳಾಗಿತ್ತು. ಇವತ್ತಿನದು ಸುಸೂತ್ರವಾಗಿ ನಡೆದರೆ ಕೆಲಸ ಕಾಯಂ, ಇಲ್ಲವಾದರೆ ಬೀದರಿನ ಯಾರಿಗಾದರೂ ಕೊಡುವುದು ಎಂದು ಅಧ್ಯಕ್ಷರಾದ ಕಾಕಾ ಮೊದಲೇ ಹೇಳಿಟ್ಟಿದ್ದರು. ಆ ಕೆಲಸವೆಂದರೆ ಅವಳಿಗೆ ಜೀವ. ತಕ್ಷಣ ಬೀದರಿನ ವಿಲ್ಸನನಿಗೆ ಫೋನು ಹಚ್ಚಿ ಪಟ್ಟಿಯ ವಿಷಯ ಹೇಳಿದಳು. ಸೈಟಿಗೆ ಸರ್ವರಿನಲ್ಲಿ ಜಾಗ ಕೊಟ್ಟವನು ಅವನೇ.

"ಮದಲಿನ ಪುಟದ ಫೈಲಿಗಿ ಏನ್ ಹೆಸರು ಇಟ್ಟೀರಿ?" ವಿಲ್ಸನ ಕೇಳಿದ.

"ಇಂಡೆಕ್ಸ್ ಅಂತೇ ಇತ್ತುರಿ. ನಿನ್ನಿ ಸಂಜಿಮುಂದ ನಮ್ಮ ಕಾಕಾ ಹಟಾ ಹಿಡದು 'ಶ್ರೀ' ಅಂತ ಮಾಡಸ್ಯಾರ."

ನೆತ್ತಿಯ ಮೇಲೆ ಶ್ರೀಕಾರವಿಲ್ಲದ ಕಾಗದಕ್ಕೆ ಕಾಕಾ ಜನ್ಮದಲ್ಲಿ ಸಹಿ ಹಾಕಿದವರಲ್ಲ. ಕಿರಾಣಿ ಚೀಟಿಗೂ ಶ್ರೀ ಬೇಕು. ಅಂಥವರು ಮೊದಲ ಪುಟವನ್ನು ಬಿಟ್ಟಾರೆಯೇ? ಹೆಸರು ಬದಲಿಸಿದ ಸರಿತಾ ಗಡಿಬಿಡಿಯಲ್ಲಿ ಇನ್ನೊಮ್ಮೆ ತೆರೆದು ನೋಡಿರಲಿಲ್ಲ.

ವಿಲ್ಸನ ನಕ್ಕ. "ಸರ್ವರಿಗಿ ಶ್ರೀ ಗೊತ್ತಿಲ್ಲರಿ. ಅದರ ಕಡಿ ನಾಕೈದು ಹೆಸರಿನ ಯಾದಿ ಇರ್ತದ. ಮದಲು ಇಂಡೆಕ್ಸ್ ಹುಡುಕ್ತದ, ಅದು ಸಿಗಲಿಲ್ಲಂದ್ರ ಡಿಫಾಲ್ಟ್. ಒಂದೂ ಸಿಗಲಿಲ್ಲಂದ್ರ, ಏನ್ ಬೇಕೋ ನೀವೇ ನೋಡ್ಕೋರಿ ಅಂತ ಮನ್ಯಾಗಿನ ಸಾಮಾನೆಲ್ಲಾ ತಂದು ಅಂಗಳದಾಗ ಇಡ್ತದ."

ಸಾಮಾನು ಎಂದ ಕೂಡಲೇ ಸರಿತಾಳಿಗೆ ನೆನಪಾಯಿತು, ಅಂಗಳಕ್ಕೆ ಬಂದಿರುವುದು ಏನೆಂದು. ಫೋಟೋಗಳಿಗೆಲ್ಲ ಹೆಸರಿಟ್ಟವಳು ಅವಳೇ, ಯಾರ ಕಣ್ಣಿಗೂ ಬೀಳುವುದಿಲ್ಲವೆಂಬ ಧೈರ್ಯದಲ್ಲಿ. ಅಷ್ಟರಲ್ಲಿ ಉಣ್ಣೆ ನೂಲುವ ಸತ್ಯಮ್ಮಾಯಿ ಮುಂದಿನ ಸಾಲಿನಿಂದ ಎದ್ದು ನಿಂತಿದ್ದಳು. ಹೋದ ವರ್ಷವಷ್ಟೇ ಅಕ್ಷರ ಕಲಿತ ಮುದುಕಿಗೆ ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವ ಹುಚ್ಚು.

"ಕಾಕಾ ನಗಲಿಲ್ಲ," ಎಂದು ಓದಿದಳು. "ಗಂಟುಮುಖದ ಕಾಕಾ, ಒಂದು. ಗಂಟುಮುಖದ ಕಾಕಾ, ಎರಡು. ಟಗರು ನಕ್ಕಿತು... ಕಾಕಾ ನಗಲಿಲ್ಲ."

ಸಭೆಯ ಕಣ್ಣೆಲ್ಲ ಕಾಕಾನತ್ತ ತಿರುಗಿತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಸರಿತಾಳಿಗೆ.

"ಕಾಕಾ, ಫೈಲಿನ ಹೆಸರು ಇಂಡೆಕ್ಸ್ ಇರ್ಲಿರಿ," ತೊದಲಿದಳು. "ಒಳಗ ಪುಟದ ನೆತ್ತಿ ಮ್ಯಾಲ ದೊಡ್ಡದಾಗಿ ಶ್ರೀ ಬರೀತೇನಿ. ನೋಡೋರಿಗಿ ಮದಲು ಅದೇ ಕಾಣ್ತದರಿ."

ಕಾಕಾ ಗೋಡೆಯತ್ತ ತಿರುಗಿ ನಿಂತರು. ಅವಳು ಹೆಸರು ಬದಲಿಸಿ, ಶ್ರೀ ಬರೆದು, ಮತ್ತೆ ತೆರೆದಳು. ಗೋಡೆಯ ತುಂಬ ಕರಿ ಕಂಬಳಿ, ಕೆಂಪು ಅಂಚು, ಹಲಬರ್ಗಾ ಊರಿನ ಕುರಿಮಂದೆ! ಜನ ಈ ಸಲ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದರು. ಸರಿತಾ ಮಾತ್ರ ತಲೆ ಎತ್ತಲಿಲ್ಲ.

"ನಿನ್ನ ಕೆಲಸ ಕಾಯಂ. ಇನ್ನ ಸಂಘದ ಕಾಗದಪತ್ರ, ದಫ್ತರ ಎಲ್ಲಾ ನೀನೇ ನೋಡ್ಕೋ," ಎಂದರು ಕಾಕಾ.

ಅವಳು ಬೆಚ್ಚಿ ನೋಡಿದಳು. ಕಾಕಾನ ಮೀಸೆ ಕುಣಿಯುತ್ತಿತ್ತು, ಹೊಟ್ಟೆ ಕುಲುಕುತ್ತಿತ್ತು, ಕಣ್ಣಲ್ಲಿ ನೀರು ಬಂದಿತ್ತು.

"ಇಪ್ಪತ್ತು ವರ್ಷ ಆಯ್ತು, ಎಲ್ಲಾರೂ ನನ್ನ ಬೆನ್ನ ಹಿಂದ ಗಂಟುಮುಖ ಅಂತಿದ್ದರು. ನೀ ಒಬ್ಬಾಕಿ ನೋಡು, ನಂಬರ್ ಹಾಕಿ ಬರದು ಇಟ್ಟಿದಿ!"