ಐವತ್ತು ತಲೆಯ ಜೈನದಿನ

ಆ ನಗರದಲ್ಲಿ ಪ್ರತಿ ಮತಕ್ಕೂ ವರ್ಷಕ್ಕೊಂದು ದಿನ ಜಲಕ್ರೀಡಾವನವನ್ನು ಬಿಟ್ಟುಕೊಡುತ್ತಿದ್ದರು. ಐವತ್ತು ತಲೆ ಸೇರದಿದ್ದರೆ ಆ ಮತದ ದಿನವೇ ರದ್ದು. ಈ ಸಲ ಬಂದ ಜೈನರು ಹನ್ನೊಂದೇ ಮಂದಿ. ಉಳಿದ ಮೂವತ್ತೊಂಬತ್ತಕ್ಕೆ ನಗರಸಭೆ ಎಂದಿನಂತೆ ಯಂತ್ರಮಾನವರನ್ನು ಕಳಿಸಿತ್ತು.

ಆ ಹನ್ನೊಂದರಲ್ಲಿ ಒಬ್ಬರಾದ ಸುಗುಣಾವತಿ ಯಂತ್ರಗಳನ್ನು ನೋಡಿ ಮೂಗು ಮುರಿದರು. ಎಲ್ಲದರ ಬಾಯಿಗೂ ಬಿಳಿ ಬಟ್ಟೆ!

"ನಮ್ಮ ಪೈಕಿ ಯಾರು ಬಾಯಿಗೆ ಬಟ್ಟೆ ಕಟ್ತಾರೆ ಮಾರಾಯ್ರೇ?"

"ಜೈನ ಮುನಿಗಳ ಫೋಟೋದಲ್ಲಿ ಹಾಗೇ ಇತ್ತಮ್ಮಾ," ಎಂದ ಗೇಟಿನ ಅಧಿಕಾರಿ.

"ಬೊಂಬೆಗಳು! ಇವಕ್ಕೆ ಧರ್ಮ ಬೇರೆ ಕೇಡು."

ಸಂಜೆ ಎಲ್ಲರ ಕೈಗೂ ಬಿಸಿ ಗೋಳಿಬಜೆಯ ತಟ್ಟೆ ಬಂತು. ಅಷ್ಟರಲ್ಲಿ ಸೂರ್ಯ ಮುಳುಗಿದ. ಹೊತ್ತು ಮುಳುಗಿದ ಮೇಲೆ ಜೈನರು ಉಣ್ಣುವುದಿಲ್ಲವಲ್ಲ, ಯಂತ್ರಗಳು ಒಟ್ಟಿಗೇ ತಟ್ಟೆ ಕೆಳಗಿಟ್ಟವು. ಸುಗುಣಾವತಿಯೂ ಇಟ್ಟರು. ಅದೇ ಗಳಿಗೆಯಲ್ಲಿ, ನಡತೆ ನೋಡಿ ಮತ ಗುರುತಿಸುವ ಕಂಬದ ಮೇಲಿನ ಕ್ಯಾಮೆರಾ ತಲೆ ಎಣಿಸಿತು.

"ಜೈನರು ನಲವತ್ತೇ ಅಂತ ತೋರಿಸ್ತಾ ಉಂಟು!" ಅಧಿಕಾರಿ ಗಾಬರಿಯಾದ. "ಕ್ಯಾಮೆರಾ ಹಾಳಾಗಿರ್ಬೇಕಮ್ಮಾ."

ಸುಗುಣಾವತಿ ಹಿಂದೆ ತಿರುಗಿದರು. ಬಸದಿಯ ಕಾರ್ಯದರ್ಶಿ ಧನ್ಯಕುಮಾರರೂ ಉಳಿದ ಒಂಬತ್ತು ಮಂದಿಯೂ ಬಾಯಿ ತುಂಬ ಗೋಳಿಬಜೆ ತುರುಕಿಕೊಂಡು ಇನ್ನಷ್ಟು ಚಟ್ನಿಗೆ ಕೈ ಚಾಚುತ್ತಿದ್ದರು.

"ಕ್ಯಾಮೆರಾ ಸರಿಯಾಗೇ ಉಂಟು," ಎಂದರು ಸುಗುಣಾವತಿ. "ಆ ಬೊಂಬೆಗಳ ಬಟ್ಟೆ ಬಿಚ್ಚಿ ತನ್ನಿ, ಇವರ ಬಾಯಿಗೆ ಕಟ್ಟುವ."