ಗುಂಡುಕಲ್ಲು

ಚಿಕುನ್‌ಗುನ್ಯಾ ಬಂದುಹೋಗಿ ಎರಡು ವರ್ಷವಾದರೂ ಅಂಬುಜಕ್ಕನ ಓರಗಿತ್ತಿ ನಳಿನಿಯ ಸುಸ್ತು ಹೋಗಿರಲಿಲ್ಲ. ಒಂದು ಬಕೆಟ್ ಬಟ್ಟೆ ಒಗೆದರೆ ಮೂರು ದಿನ ಹಾಸಿಗೆ ಹಿಡಿಯುತ್ತಿದ್ದಳು. ಎಲ್ಲ ಬರೀ ನೆಪ ಎಂಬುದು ಅಂಬುಜಕ್ಕನ ಖಚಿತ ಅಭಿಪ್ರಾಯ. ಅದೇ ಜ್ವರ ತನಗೂ ಬಂದಿತ್ತು, ತಾನು ಎದ್ದು ಒಲೆ ಹಚ್ಚಲಿಲ್ಲವೇ?

ಇಂಥ ಸುಸ್ತಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಡಾಕ್ಟರಮ್ಮ ಮನೆಗೇ ಬಂದರು. ನಳಿನಿಯ ಜೊತೆ ಹೋಲಿಸಿ ನೋಡಲು, ಅದೇ ಜ್ವರ ಬಂದು ಪೂರ್ತಿ ಗುಣವಾದವರೊಬ್ಬರು ಬೇಕು ಎಂದರು. ಅಂಬುಜಕ್ಕ ಸೆರಗು ಸಿಕ್ಕಿಸಿ ಮುಂದೆ ಬಂದಳು.

"ನನ್ನನ್ನೇ ತಗೊಳ್ಳಿ. ಗುಂಡುಕಲ್ಲಿನ ಹಾಗಿದ್ದೀನಿ. ಇವಳ ಬಂಡವಾಳ ಬಯಲಾಗಲಿ!"

"ಬೆಳಿಗ್ಗೆ ಎದ್ದಾಗ ಮೈ ಹಗುರ ಅನ್ಸುತ್ತಾ?"

"ಹಗುರಾನಾ? ಗೋಡೆ ಹಿಡ್ಕೊಂಡೇ ಏಳ್ತೀನಿ."

"ಮರೆವು?"

"ಹಾಲಿಟ್ಟು ಮರೆಯೋದು ದಿನಾ ಇದ್ದದ್ದೇ."

"ಹಬ್ಬದ ಅಡುಗೆ ಮಾಡಿದ ಮೇಲೆ?"

"ವಾರವೆಲ್ಲ ಮೈ ಹಣ್ಣಾಗಿರುತ್ತೆ. ಆದ್ರೆ ಇವಳ ಹಾಗೆ ಮಲಗಲ್ಲ! ಆ ಜ್ವರ ಬಂದಾಗಿನಿಂದ ಹೀಗೇ ದೂಡ್ತಿದ್ದೀನಿ. ಅದೇನು ದೊಡ್ಡ ಕಾಯಿಲೇನಾ?"

ಡಾಕ್ಟರಮ್ಮ ಪೆನ್ನು ಮುಚ್ಚಿ ನಳಿನಿಯತ್ತ ತಿರುಗಿದರು.

"ಗುಣವಾದವರು ಮನೇಲಿ ಬೇರೆ ಯಾರಾದ್ರೂ ಇದ್ದಾರೇನಮ್ಮಾ?"