ಕರಿ ಸಾಲಿನ ಖಾರ

ಬಳ್ಳಿಯ ಕೆಳಗೆ ಆಡಿದ ಮಾತು ವೈನಿನ ರುಚಿಗೆ ಇಳಿಯುತ್ತದೆಂಬುದು ತಿಕೋಟಾದ ತೋಟಗಳಲ್ಲಿ ಎಲ್ಲರಿಗೂ ಗೊತ್ತು. ಬಿಳಿ ದ್ರಾಕ್ಷಿ ವಾರದೊಳಗೆ ಮರೆತುಬಿಡುತ್ತದೆ. ಕರಿ ದ್ರಾಕ್ಷಿ ವರ್ಷಗಟ್ಟಲೆ ಮರೆಯುವುದಿಲ್ಲ. ಅದಕ್ಕೇ ಯಾರನ್ನಾದರೂ ಬೈಯುವುದಿದ್ದರೆ ಹೆಂಗಸರು ಬಿಳಿ ಸಾಲಿಗೆ ಹೋಗುತ್ತಾರೆ. ಈ ಸಲ ಸಿಟ್ಟಿನ ಭರದಲ್ಲಿ ಸಾವಂತ್ರಿ ತನ್ನ ಅತ್ತೆಯನ್ನು ಕರಿ ಸಾಲಿನಲ್ಲೇ ನಿಂತು ಬೈದುಬಿಟ್ಟಿದ್ದಳು.

ವೈನರಿಯಲ್ಲಿ ರುಚಿ ನೋಡುವವಳು ಆ ಅತ್ತೆಯೇ. ಗುರುಬಸವ್ವ ಹೊಸ ವೈನನ್ನು ಒಂದು ಗುಟುಕು ಬಾಯಲ್ಲಿ ಹೊರಳಿಸಿ ಮುಖ ಕಿವುಚಿದಳು.

ಸಾವಂತ್ರಿ ಒಂದು ಹೆಜ್ಜೆ ಮುಂದೆ ಬಂದಳು. "ತಪ್ಪಾತ್ರಿ ಅತ್ತಿ. ಭಾಳ ಖಾರ ಐತೇನ್ರಿ?"

"ಖಾರ ಇರೂದು ನಂದವ್ವಾ! ಮೂವತ್ತು ವರ್ಷದ ಹಿಂದ ಅದೇ ಸಾಲಿನ್ಯಾಗ ನಮ್ಮತ್ತಿಗೆ ಬೈದಿದ್ದೆ, ಇನ್ನೂ ನಾಲಿಗಿ ಸುಡತೈತಿ." ಗುರುಬಸವ್ವ ಲೋಟವನ್ನು ಸೊಸೆಯ ಮುಂದೆ ಸರಿಸಿದಳು. "ನಿಂದು ಅದರ ಮುಂದ ಸಪ್ಪಗ ಐತಿ. ಕುಡದು ಕಲಿ."